ಮೊದಲ ಕಂತು 2029: ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮನೆಯ ಪ್ರಕರಣ

ಕೃಷಿ ಸಾಲದ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ಕೂತು ನಿವೃತ್ತನಾದವನು ನಾನು. ಸಾಲ ಬೇಡ ಎನ್ನುವುದಕ್ಕೆ ಜನ ಕೊಡುವ ಕಾರಣಗಳೂ, ಕಂತು ಕಟ್ಟದ್ದಕ್ಕೆ ಕೊಡುವ ಕಾರಣಗಳೂ ನನಗೆ ಬಾಯಿಪಾಠ. ಕೊಳೆರೋಗ, ಮಗಳ ಮದುವೆ, ನೀರು ಬಾರದ ಬೋರ್‌ವೆಲ್, ಗಲ್ಫಿನಿಂದ ಬರಬೇಕಾದ ಹಣ. "ಕಂತು ಶುರುವಾಗುವುದರೊಳಗೆ ಕರ್ತನ ಬರೋಣ ಆಗಿರ್ತದೆ ಮಾರಾಯ್ರೆ, ಮತ್ತೆ ನೆಡುವುದು ಯಾರಿಗೆ?" ಎಂಬುದನ್ನು ಮಾತ್ರ ಕೇಳಿದ್ದು ಇದೊಂದೇ ಮನೆಯಲ್ಲಿ. ಕರ್ತನ ಬರೋಣ ಎಂದರೆ ಯೇಸು ಮತ್ತೆ ಬರುವುದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಗ್ರಾಮ ಬಿಟ್ಟಿದ್ದೇನೆ.

ಕೆಲಸಕ್ಕೆ ಎಳೆದದ್ದು ಮನೆಯ ಮಗಳು. ಕುವೈತಿನಲ್ಲಿ ಹತ್ತು ವರ್ಷ ನರ್ಸ್ ಆಗಿದ್ದು 2022ರಲ್ಲಿ ಹದಿಮೂರರ ಮಗನೊಂದಿಗೆ ಊರಿಗೆ ಬಂದವಳು. ಗಂಡ ಇನ್ನೂ ಅಲ್ಲಿಯೇ. ಒಟ್ಟು ಎರಡು ಎಕರೆ ಹತ್ತು ಸೆಂಟ್ಸ್ ಜಾಗ. ಮೇಲಿನ ತೋಟ ಅವಳ ಅಜ್ಜ ನೆಟ್ಟದ್ದು. ಆಕಾಶ ಮುಟ್ಟಿದ ಮುದಿ ಅಡಿಕೆ ಮರಗಳು, ಹತ್ತಲು ಜನ ಸಿಗುವುದಿಲ್ಲ, ಸಿಕ್ಕರೂ ಗೊನೆ ಸಣ್ಣದು. ಕೆಳಗೆ ಅರುವತ್ತು ಸೆಂಟ್ಸ್ ಮಜಲು ಗದ್ದೆ ಖಾಲಿ ಬಿದ್ದಿದೆ, 1987ರಿಂದ. ನೀರಿದೆ, ಬಿಸಿಲಿದೆ, ಮಣ್ಣು ಒಳ್ಳೆಯದು. 2021ರಲ್ಲಿ ಹಳೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 500 ರೂಪಾಯಿ ದಾಟಿದಾಗ ಆಚೀಚೆಯವರೆಲ್ಲ ಗುಡ್ಡ ಕಡಿದೂ ಅಡಿಕೆ ಹಾಕಿದರು. ಈ ಮಜಲಿನಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಬೆಳೆದಿತ್ತು. ಮಗಳಿಗೆ ಅಲ್ಲಿ ಅಡಿಕೆ ನೆಡಬೇಕು. ಕೈಯಲ್ಲಿ ಸ್ವಲ್ಪ ಹಣ ಉಂಟು, ಉಳಿದದ್ದಕ್ಕೆ ಸಾಲ ಬೇಕು. ಆದರೆ ಆಸ್ತಿ ತಂದೆಯ ಹೆಸರಿನಲ್ಲಿ. ಅವರ ಸಹಿ ಇಲ್ಲದೆ ಕಾಗದ ಒಂದು ಇಂಚು ಮುಂದೆ ಹೋಗುವುದಿಲ್ಲ.

"ನೀವೊಮ್ಮೆ ಬಂದು ಮಾತಾಡಿ ಅಂಕಲ್," ಅಂದಳು. "ನಾನು ಹೇಳಿದರೆ ಬೈಬಲ್ ವಾಕ್ಯ ಓದ್ತಾರೆ."

ಹೋದೆ. ಒಮ್ಮೆ ಅಲ್ಲ, 2023ರ ನವೆಂಬರಿನಿಂದ ಮುಂದಿನ ಮೇ ತಿಂಗಳವರೆಗೆ ಆರು ಸಲ.

ಮಾಂಯ್‌ಯ ಬತ್ತಿಗಳು

ಕಥೆ ಶುರುವಾಗುವುದು ಯಜಮಾನರ, ಅಂದರೆ ಮಗಳ ತಂದೆಯ, ತಾಯಿಯಿಂದ. ಮನೆಯಲ್ಲಿ ಎಲ್ಲರೂ ಮಾಂಯ್ ಎನ್ನುತ್ತಿದ್ದರು. ಕೊಂಕಣಿ ಕ್ಯಾಥೊಲಿಕ್ ಹೆಂಗಸು, 2004ರಲ್ಲಿ ತೀರಿಕೊಂಡರು. ನಮ್ಮದೂ ಅದೇ ಇಗರ್ಜಿ, ಹಾಗಾಗಿ ನನಗೆ ಅವರು ಚಿಕ್ಕಂದಿನಿಂದ ಗೊತ್ತು. ಸಂಜೆ ತೆರ್ಸ್ ಹೇಳುವಾಗ ಒಂದು ಕಣ್ಣು ಜಪಮಣಿಯ ಮೇಲೆ, ಇನ್ನೊಂದು ಒಲೆಯ ಮೇಲಿನ ಗಂಜಿಯ ಮೇಲೆ.

ಲೋಕಾಂತ್ಯ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರ ಕಪಾಟಿನ ಮೇಲಿನ ಖಾನೆಯಲ್ಲಿ ಹಳೆ ಬಿಸ್ಕತ್ ಡಬ್ಬಿಯೊಂದಿತ್ತು, ಅದರಲ್ಲಿ ಆಶೀರ್ವಾದ ಮಾಡಿಸಿದ ಮೇಣದಬತ್ತಿಗಳು. ಮೂರು ದಿನ ಲೋಕವೆಲ್ಲ ಕತ್ತಲಾಗುತ್ತದೆ, ಆಗ ಆಶೀರ್ವದಿಸಿದ ಬತ್ತಿ ಮಾತ್ರ ಉರಿಯುತ್ತದೆ, ಕಿಟಕಿ ಮುಚ್ಚಿ ಪ್ರಾರ್ಥಿಸಬೇಕು, ಹೊರಗೆ ಇಣುಕಬಾರದು: ಈ ನಂಬಿಕೆ ಕ್ಯಾಥೊಲಿಕರಲ್ಲಿ ಬಹಳ ಹಳೆಯದು. 1837ರಲ್ಲಿ ರೋಮಿನಲ್ಲಿ ತೀರಿಹೋದ ಅನ್ನಾ ಮರಿಯಾ ತಾಯ್ಗಿ ಎಂಬಾಕೆಯ ಹೆಸರಿಗೆ ಅದನ್ನು ಹಚ್ಚುತ್ತಾರೆ. ಧರ್ಮಸಭೆ ಅದನ್ನು ಬೋಧನೆಯಾಗಿ ಒಪ್ಪಿಲ್ಲ. ಕ್ರಿಸ್ತನು ಬಂದು ಭೂಲೋಕವನ್ನು ಸಾವಿರ ವರ್ಷ ಆಳುತ್ತಾನೆಂಬ ಮಾತನ್ನಂತೂ ಅಗಸ್ಟೀನನ ಕಾಲದಿಂದಲೇ ಸಾಂಕೇತಿಕವೆಂದು ಓದಿ ಬದಿಗಿಟ್ಟಿದೆ. 1944ರಲ್ಲಿ ವ್ಯಾಟಿಕನ್ ಆ ವಿಚಾರದ ಮೃದು ರೂಪವನ್ನೂ ಬೋಧಿಸುವುದು ಕ್ಷೇಮವಲ್ಲ ಎಂದಿತು. ಇದ್ಯಾವುದೂ ಬಿಸ್ಕತ್ ಡಬ್ಬಿಯವರೆಗೆ ತಲುಪಿರಲಿಲ್ಲ.

1962ರಲ್ಲಿ ಅಷ್ಟಗ್ರಹ ಕೂಟದ ಗಲಾಟೆ ಎದ್ದಿತಲ್ಲ, ಫೆಬ್ರವರಿ 3ರಿಂದ 5, ಪ್ರಳಯವೇ ಆಗುತ್ತದೆಂದು ದೇಶವಿಡೀ ಹೋಮ ಹವನ. ಇಗರ್ಜಿಯಲ್ಲಿ ಬತ್ತಿ ಆಶೀರ್ವದಿಸುವ ಹಬ್ಬ ಫೆಬ್ರವರಿ 2. ಮರುದಿನದಿಂದ ಸರಿಯಾಗಿ ಮೂರು ದಿನ! ನೆರೆಮನೆಯ ಭಟ್ಟರು ಹೋಮಕ್ಕೆ ಸಮಿತ್ತು ಒಟ್ಟುಮಾಡುವಾಗ ಮಾಂಯ್ ಬತ್ತಿ ಲೆಕ್ಕ ಮಾಡುತ್ತಿದ್ದರಂತೆ. ನಾಲ್ಕನೆಯ ದಿನ ಹಸು ಕರೆಯಲು ಹೋದರು. ಆಮೇಲೆ ಮನೆಗೆ ಕರೆಂಟ್ ಬಂತು, ಕರೆಂಟ್ ಬಂದ ಮೇಲೆ ಮಳೆಗಾಲದಲ್ಲಿ ಕರೆಂಟ್ ಹೋಗುವುದೂ ಬಂತು. ಲೋಕಾಂತ್ಯದ ಬತ್ತಿಗಳೆಲ್ಲ ಜೂನ್ ಜುಲೈಯಲ್ಲಿ ಮಕ್ಕಳ ಓದಿಗೆ ಉರಿದವು. ಫೆಬ್ರವರಿಗೆ ಮತ್ತೆ ಹೊಸ ಬತ್ತಿ.

ಅವರ ಅಂತ್ಯಕಾಲ ನಮ್ಮ ಮಳೆಗಾಲದ ಹಾಗಿತ್ತು ಎಂದು ನನಗೆ ಅನಿಸುತ್ತದೆ. ಖಂಡಿತ ಬರುತ್ತದೆ, ಯಾವಾಗ ಎಂದು ಹೇಳಲಾಗದು, ಒಣಮೀನು, ಹುಣಸೆ, ಸೌದೆ ಒಳಗಿಟ್ಟುಕೊಂಡಿರಬೇಕು. ಅದಕ್ಕಾಗಿ ಸಸಿ ನೆಡುವುದನ್ನು ಯಾರಾದರೂ ನಿಲ್ಲಿಸುತ್ತಾರೆಯೇ?

ಸಂತತಿ ಎಂದರೆ ಎಷ್ಟು ವರ್ಷ

ಯಜಮಾನರು ಹುಟ್ಟಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ. ಕಾಯುವುದು ನಮ್ಮ ಊರಿನವರಿಗೆ ಹೊಸತಲ್ಲ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಅದನ್ನು ನಂಬಿ ಕೂತವರ ಮೊಮ್ಮಕ್ಕಳು ಇವತ್ತು ಕೇರಳದ ಪಿ.ಎಸ್.ಸಿ. ನೌಕರಿ ಪರೀಕ್ಷೆಗೆ ಮಲಯಾಳ ಕಲಿಯುತ್ತಿದ್ದಾರೆ.

1986ರಲ್ಲಿ ಯಜಮಾನರಿಗೆ ಕುಡಿತ ಹೆಚ್ಚಾಗಿ ಮನೆ ಮುಳುಗುವ ಹಂತಕ್ಕೆ ಬಂದಾಗ ಕೈ ಹಿಡಿದದ್ದು ಪೇಟೆಯ ಹಿಂದಿನ ಒಂದು ಪ್ರಾರ್ಥನಾಲಯ. ತಿರುವಾಂಕೂರಿನಿಂದ ಮಲೆನಾಡಿಗೆ ಬಂದು ನೆಲೆಸಿದ ಕುಟುಂಬಗಳು ಕಟ್ಟಿಕೊಂಡದ್ದು. ಮಲಯಾಳದಲ್ಲಿ ಪ್ರಸಂಗ, ಒಬ್ಬರು ನಿಂತು ಕನ್ನಡಕ್ಕೆ ಹೇಳುವರು. ಅಲ್ಲಿ ಅವರಿಗೆ ಕುಡಿತ ಬಿಟ್ಟಿತು. ಇದನ್ನು ಮೊದಲು ಬರೆಯಬೇಕು, ಯಾಕೆಂದರೆ ಮುಂದಿನದ್ದನ್ನು ಓದುವವರು ಇದನ್ನು ಮರೆತು ನಗುತ್ತಾರೆ. ತೋಡಿನ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. ಮಾಂಯ್ ಒಂದು ವಾರ ಅತ್ತರು, ಆಮೇಲೆ ಮಗ ಸಂಜೆ ಮನೆಯಲ್ಲಿರುತ್ತಾನಲ್ಲ ಎಂದು ಸುಮ್ಮನಾದರು.

ಆ ಪ್ರಾರ್ಥನಾಲಯದಲ್ಲಿ ಬರೋಣ ಎಂದರೆ ಡಬ್ಬಿಯ ಬತ್ತಿಯಲ್ಲ, ಗಡಿಯಾರ. ತುತೂರಿ ಊದುತ್ತದೆ, ವಿಶ್ವಾಸಿಗಳು ಕ್ಷಣಮಾತ್ರದಲ್ಲಿ ಎತ್ತಲ್ಪಡುತ್ತಾರೆ, ಉಳಿದವರಿಗೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿಯ ಆಳ್ವಿಕೆ, ಹಣೆಗೋ ಬಲಗೈಗೋ ಮೃಗದ ಗುರುತು. ಇದು ಹೀಗೆ ಅನುಕ್ರಮವಾಗಿ ರೂಪುಗೊಂಡದ್ದು 1830ರ ದಶಕದಲ್ಲಿ, ಜಾನ್ ನೆಲ್ಸನ್ ಡಾರ್ಬಿಯ ಕಾಲದಲ್ಲಿ. 1909ರ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ಲಿನಿಂದ ಲೋಕವಿಡೀ ಹರಡಿತು. ಯಜಮಾನರಿಗೆ ಈ ಹೆಸರುಗಳು ಬೇಡ. ಅವರಿಗೆ ಗೊತ್ತಿದ್ದದ್ದು ಮತ್ತಾಯ 24ರ ಅಂಜೂರದ ಮರ. ಅಂಜೂರ ಚಿಗುರಿದಾಗ ಬೇಸಿಗೆ ಹತ್ತಿರ, ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ. ಅಂಜೂರ ಎಂದರೆ ಇಸ್ರೇಲ್, ಚಿಗುರಿದ್ದು 1948ರ ಮೇ 14. ಸಂತತಿ ಎಂದರೆ ನಲವತ್ತು ವರ್ಷ. ಕೂಡಿಸಿ ನೋಡಿ.

ಕೂಡಿಸಿದರೆ 1988. ಅಮೆರಿಕದಲ್ಲಿ ಅದೇ ಲೆಕ್ಕದ ಗಾಳಿ ಜೋರಾಗಿತ್ತು. ನಾಸಾದಲ್ಲಿ ಕೆಲಸ ಮಾಡಿದ್ದ ಎಂಜಿನಿಯರನೊಬ್ಬ ಆ ವರ್ಷದ ಸೆಪ್ಟೆಂಬರನ್ನೇ ಗುರುತಿಸಿ ಪುಸ್ತಿಕೆ ಬರೆದ, ಲಕ್ಷಗಟ್ಟಲೆ ಪ್ರತಿ ಹಂಚಿಹೋದವು. ನಮ್ಮ ಕಡೆ ಅದು ಬಾಯಿಂದ ಬಾಯಿಗೆ ಬಂತು.

1987ರ ಮಳೆಗಾಲಕ್ಕೆ ಮಜಲಿನಲ್ಲಿ ನೆಡಲೆಂದು ಮಾಂಯ್ ಮುನ್ನೂರು ಸಸಿ ಎಬ್ಬಿಸಿದ್ದರು. ಕಾಸರಗೋಡಿನ ಸಂಶೋಧನಾ ಕೇಂದ್ರ 1972ರಲ್ಲಿ ಬಿಡುಗಡೆ ಮಾಡಿದ ಮಂಗಳ ತಳಿ, ಹೊಸ ಆಸೆ. ಮಗ ನೆಡಲಿಲ್ಲ. ಫಲ ಬರುವಷ್ಟರಲ್ಲಿ ನಾವಿರುವುದಿಲ್ಲ ಎಂದರು. ಸಸಿಗಳನ್ನು ಬೇಕಾದವರು ಹೊತ್ತುಕೊಂಡು ಹೋದರು, ಉಳಿದವು ಒಣಗಿದವು. ನಲವತ್ತನ್ನು ಮಾತ್ರ ಮಾಂಯ್ ತಾನೇ ಗುಂಡಿ ತೋಡಿ ತೋಡಿನ ಬದಿಯಲ್ಲಿ ಊರಿದರು. ಈ ಮನೆಗೆ ಕಳೆದ ಮೂವತ್ತು ವರ್ಷ ಕರೆಂಟ್ ಬಿಲ್ಲು, ಮಗಳ ನರ್ಸಿಂಗ್ ಫೀಸಿನ ಒಂದು ಪಾಲು ಕಟ್ಟಿದ್ದು ಆ ನಲವತ್ತು ಮರ.

1988 ಕಳೆಯಿತು. ಲೆಕ್ಕ 1967ರಲ್ಲಿ ಇಸ್ರೇಲ್ ಜೆರುಸಲೇಮನ್ನು ಹಿಡಿದದ್ದರಿಂದ ಶುರುವಾಯಿತು: ನಲವತ್ತು ಕೂಡಿಸಿದರೆ 2007. ಅದೂ ಕಳೆಯಿತು. ಆಗ 90ನೆಯ ಕೀರ್ತನೆ ತೆಗೆದರು, ಮನುಷ್ಯನ ಆಯುಷ್ಯ ಎಪ್ಪತ್ತು, ಬಲವಿದ್ದರೆ ಎಂಬತ್ತು. 1948ಕ್ಕೆ ಎಪ್ಪತ್ತು ಸೇರಿಸಿದರೆ 2018. ಎಂಬತ್ತಾದರೆ 2028. ನಾವು ಬ್ಯಾಂಕಿನವರು ಇದಕ್ಕೆ ಅವಧಿ ವಿಸ್ತರಣೆ ಎನ್ನುತ್ತೇವೆ. ಅಸಲು ಹಾಗೆಯೇ ಇರುತ್ತದೆ, ಕೊನೆಯ ದಿನಾಂಕ ಮಾತ್ರ ಮುಂದಕ್ಕೆ.

ಈ ನಡುವೆ ಹೆಲಿಕಾಪ್ಟರ್‌ಗಳಿದ್ದವು. ನಮ್ಮ ಕಡೆ ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಆಕಾಶದಿಂದಲೇ. ಬಾವಿ ಮುಚ್ಚಿ ಎಂದು ಹೇಳಿ ಹೋಗುತ್ತಿದ್ದರು. ಮಾಂಯ್ ಮಡಲು, ಗೋಣಿ ಹಾಕಿ ಮುಚ್ಚುತ್ತಿದ್ದರು. ಎಣ್ಮಕಜೆಯ ಪಡ್ರೆ ಕಡೆ, ಸ್ವರ್ಗ ಎಂಬ ಹೆಸರಿನ ಊರಿನಲ್ಲೇ, ಮಕ್ಕಳು ಹೇಗೆ ಹುಟ್ಟಿದರೆಂಬುದು ಕನ್ನಡ ಓದುಗರಿಗೆ ಗೊತ್ತು. ಯಜಮಾನರು ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಒಂಬತ್ತನೆಯ ಅಧ್ಯಾಯ ತೆರೆದರು: ರಥಗಳ ಶಬ್ದದಂಥ ರೆಕ್ಕೆಯ ಸದ್ದಿನ ಮಿಡತೆಗಳು. ಎಂಟನೆಯದರಲ್ಲಿ ನೀರನ್ನು ಕಹಿ ಮಾಡುವ ನಕ್ಷತ್ರ. 1986ರ ಚೆರ್ನೋಬಿಲ್ ಆದಾಗ ಆ ಊರಿನ ಹೆಸರೇ ಒಂದು ಕಹಿ ಗಿಡದ್ದು ಎಂದು ಕೇಳಿದ್ದರಲ್ಲ, ಈಗ ತಮ್ಮದೇ ತೋಡಿನಲ್ಲಿ ಕಹಿ. ಅವರು ಅದನ್ನು ಸಾಕ್ಷಿಯಾಗಿ ಹೇಳಿದರು, ಅರ್ಜಿಯಾಗಿ ಬರೆಯಲಿಲ್ಲ. ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಈ ಒಂದು ವಿಷಯಕ್ಕೆ. ಮಿಡತೆಗೆ ವಿಳಾಸವಿಲ್ಲ. ಹೆಲಿಕಾಪ್ಟರಿಗೆ ಇತ್ತು, ಅದಕ್ಕೆ ಆದೇಶ ಕೊಟ್ಟ ಕಚೇರಿಯಿತ್ತು, ಬಿಲ್ಲು ಪಾಸು ಮಾಡಿದ ಗುಮಾಸ್ತನಿದ್ದ. ಬೀದಿಗಿಳಿದು ಕೂತವರು ಅದನ್ನು ಹುಡುಕಿಯೇ ನಿಲ್ಲಿಸಿದ್ದು.

ನನ್ನ ಆಲೂಗಡ್ಡೆ ಕಥೆ

ಎರಡನೆಯ ಭೇಟಿಗೆ ನಾನು ಸ್ವಲ್ಪ ಓದಿಕೊಂಡು ಹೋದೆ. ನಿವೃತ್ತರಿಗೆ ಬೇರೆ ಕೆಲಸವೇನು.

ವಿಲಿಯಂ ಮಿಲ್ಲರ್ ಎಂಬವನ ಲೆಕ್ಕ ನಂಬಿ 1844ರ ಅಕ್ಟೋಬರ್ 22ಕ್ಕೆ ಕಾದಿದ್ದ ಅಮೆರಿಕದ ಸಾವಿರಾರು ಜನರ ಕಥೆ ಹೇಳಿದೆ. ನ್ಯೂ ಹ್ಯಾಂಪ್‌ಶೈರಿನ ರೈತನೊಬ್ಬ ಆ ವರ್ಷ ಆಲೂಗಡ್ಡೆ ಅಗೆಯಲೇ ಇಲ್ಲ, ಅಗೆದರೆ ತನ್ನ ವಿಶ್ವಾಸ ಸುಳ್ಳಾಗುತ್ತದೆ ಎಂದ. ದಿನ ಕಳೆಯಿತು. ಬೇಗ ಅಗೆದವರ ಆಲೂಗಡ್ಡೆಗೆ ಕೊಳೆರೋಗ ಬಂತು, ಇವನದು ಮಣ್ಣಿನಲ್ಲಿ ಭದ್ರವಾಗಿದ್ದು ಒಳ್ಳೆಯ ಬೆಲೆಗೆ ಹೋಯಿತು ಎಂದು ಅವನ ಕಡೆಯವರು ಇವತ್ತಿಗೂ ಹೇಳುತ್ತಾರೆ. ಯಜಮಾನರು ಬಿದ್ದು ಬಿದ್ದು ನಕ್ಕರು. "ನೋಡಿ, ಕರ್ತನು ಕೈಬಿಡ್ಲಿಲ್ಲ!" ನನ್ನ ಉದಾಹರಣೆ ನನಗೇ ತಿರುಗಿತು.

ಆಮೇಲೆ ನಮ್ಮ ಹತ್ತಿರದ್ದು ಹೇಳಿದೆ. ತಿರುವಾಂಕೂರಿನಲ್ಲಿ ಜಸ್ಟಸ್ ಜೋಸೆಫ್ ಎಂಬ ಪಾದ್ರಿ, ತಮಿಳು ಬ್ರಾಹ್ಮಣ ಮನೆತನದಿಂದ ಬಂದವರು, 1875ರ ಸುಮಾರಿಗೆ ಎದ್ದು ಆರು ವರ್ಷದಲ್ಲಿ, 1881ರಲ್ಲಿ, ಕರ್ತನು ಬರುತ್ತಾನೆಂದು ಸಾರಿದರು. ಅದು ತಪ್ಪಿತು, ಅವರು ಕಟ್ಟಿದ ಹಾಡುಗಳು ಉಳಿದವು. ಕೇರಳದ ಸಭೆಗಳಲ್ಲಿ ಈಗಲೂ ಹಾಡುತ್ತಾರೆ. ಯಜಮಾನರಿಗೆ ಹಾಡು ಗೊತ್ತಿತ್ತು, ಹಾಡಿದವರ ಲೆಕ್ಕ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಬೆಂಗೆಲ್. ಜರ್ಮನಿಯ ವ್ಯೂರ್ಟೆಂಬೆರ್ಗಿನ ಪಂಡಿತ, 1752ರಲ್ಲಿ ತೀರಿಹೋದವರು. ಪ್ರಕಟನೆಯ ಅಂಕೆಗಳನ್ನು ಜೀವಮಾನವಿಡೀ ಗುಣಿಸಿ ಬರೋಣದ ದಿನವೆಂದು 1836ರ ಜೂನ್ 18ಕ್ಕೆ ಬಂದು ನಿಂತರು. ಮಂಗಳೂರಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಶನಿನ ಎಷ್ಟೋ ಮಂದಿ ಅದೇ ಸೀಮೆಯ ಭಕ್ತ ಮನೆಗಳ ಮಕ್ಕಳು. ಅದೇ ಸೀಮೆಯ ಗುಂಡರ್ಟ್ ಎಂಬ ಮಿಶನರಿ ಭಾರತಕ್ಕೆ ಬಂದದ್ದು ಸಾಕ್ಷಾತ್ 1836ರಲ್ಲಿ. ಆ ಲೆಕ್ಕ ಅವರ ಊರಿನಲ್ಲಿ ಎಲ್ಲರ ಕಿವಿಗೆ ಬಿದ್ದದ್ದು. ಅಂಥ ನೆಲದಿಂದ ಬಂದವರು ಇಲ್ಲಿ ಮಾಡಿದ್ದೇನು? 1843ರಲ್ಲಿ ಪತ್ರಿಕೆ, 1865ರಲ್ಲಿ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ ನಿಘಂಟು. ಈ ಮನೆಯ ಮಾಡಿನ ಮೇಲೂ ಮಂಗಳೂರು ಹೆಂಚೇ. ಬೆಂಗೆಲ್ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದರು: 1836 ಏನೂ ಆಗದೆ ಕಳೆದರೆ ನನ್ನ ಪದ್ಧತಿಯಲ್ಲೇ ದೊಡ್ಡ ತಪ್ಪಿದೆ ಎಂದು ತಿಳಿಯಿರಿ ಎಂದು.

ಇದನ್ನು ಹೇಳಿದ್ದು ಮೂರನೆಯ ಭೇಟಿಯಲ್ಲಿ. ಯಜಮಾನರು ಎದ್ದು ಒಳಗೆ ಹೋದರು. ಚಹಾ ಬಂತು, ಅವರು ಬರಲಿಲ್ಲ.

ಮಜಲಿನಲ್ಲಿ

ನಾಲ್ಕನೆಯ ಸಲ ಹೋದಾಗ ಅವರೇ ಮಜಲಿಗೆ ಕರೆದುಕೊಂಡು ಹೋದರು. ಮಾಂಯ್ ನೆಟ್ಟ ಸಾಲಿನ ಹತ್ತಿರ ನಿಂತು ಹೇಳಿದರು: "ಸಾಲ ಬೇಡ ಅಂತ ಅಲ್ಲ. ಈಗ ನೆಟ್ಟರೆ, 87ರಲ್ಲಿ ನೆಡದೇ ಇದ್ದದ್ದು ತಪ್ಪು ಅಂತ ನಾನೇ ಒಪ್ಪಿದ ಹಾಗೆ ಆಗ್ತದೆ. ಸಾಯುವವರೆಗೆ ಮಾಂಯ್ ಒಂದು ದಿನವೂ ಅದನ್ನು ಎತ್ತಿ ಆಡ್ಲಿಲ್ಲ. ಎತ್ತಿ ಆಡಿದ್ರೆ ನನಗೆ ಸುಲಭ ಆಗ್ತಿತ್ತು."

ಈ ಪ್ರಕರಣದ ಬುಡ ಇದು ಎಂದು ನನ್ನ ಅಭಿಪ್ರಾಯ. ಮಗಳು, ಅಳಿಯ, ನಾನು ಎಲ್ಲರೂ ಅವರ ನಂಬಿಕೆಯೊಂದಿಗೆ ವಾದ ಮಾಡುತ್ತಿದ್ದೆವು. ಖಾಲಿ ಮಜಲನ್ನು ಕಾಯುತ್ತಿದ್ದದ್ದು ಬರೋಣದ ನಿರೀಕ್ಷೆಯಲ್ಲ, ಮೂವತ್ತಾರು ವರ್ಷದ ಹಿಂದಿನ ಒಂದು ಮಳೆಗಾಲ. ನಂಬಿಕೆ ಅವರಲ್ಲಿ ಯಾವತ್ತೋ ಮೆತ್ತಗಾಗಿತ್ತು. ಆಧಾರ್ ಬಂದಾಗ ಇದೇ ಮೃಗದ ಗುರುತಲ್ಲವೇ ಎಂದು ಪ್ರಾರ್ಥನಾಲಯದಲ್ಲಿ ಗುಸುಗುಸು ನಡೆದಿತ್ತು. ಮಿಜೋರಾಮಿನಲ್ಲಂತೂ ಹಲವರು ಅದಕ್ಕಾಗಿಯೇ ಬೇಡವೆಂದರು. ಇವರು ರೇಷನ್ ಕಾರ್ಡಿಗೆ ಬೇಕೆಂದು ಹೋಗಿ ಬೆರಳು ಒತ್ತಿ ಬಂದರು. ಪ್ರಾರ್ಥನಾಲಯದವರು ಸಮಾಧಿಗೆ ಜಾಗ ಕೊಳ್ಳುವಾಗ ಎಲ್ಲರಿಗಿಂತ ಹೆಚ್ಚು ಚಂದಾ ಕೊಟ್ಟದ್ದೂ ಇವರೇ. ಜೀವಂತ ಎತ್ತಲ್ಪಡುವವರಿಗೆ ಸಮಾಧಿ ಜಾಗ ಯಾಕೆ ಎಂದು ಕೆಣಕಿದೆ. "ಕ್ರಿಸ್ತನಲ್ಲಿ ಸತ್ತವರು ಮೊದಲು ಏಳುವುದು, ಥೆಸಲೋನಿಕದಲ್ಲಿ ಉಂಟು. ಮೊದಲು ಏಳ್ಬೇಕಾದ್ರೆ ಎಲ್ಲಿಯಾದ್ರೂ ಮಲಗ್ಬೇಕಲ್ಲ," ಎಂದರು. ಮಾಂಯ್‌ಯನ್ನು ಹೂತದ್ದು ಇಗರ್ಜಿಯ ಜಾಗದಲ್ಲಿ. ಆ ದಿನ ಇವರು ಒಳಗೆ ಬರದೆ ಗೇಟಿನ ಹೊರಗೆ ಮಳೆಯಲ್ಲಿ ನಿಂತದ್ದನ್ನು ನಾನೂ ನೋಡಿದ್ದೆ.

ಮಗಳಿಗೆ ಈ ಲೆಕ್ಕಗಳಲ್ಲಿ ಆಸಕ್ತಿ ಇಲ್ಲ. ಪ್ರಾರ್ಥನಾಲಯದಲ್ಲಿ ಬೆಳೆದವಳು, ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ ಎಲ್ಲರೂ ಎತ್ತಲ್ಪಟ್ಟರು, ತಾನೊಬ್ಬಳೇ ಉಳಿದೆ ಎಂದು ಹಟ್ಟಿಗೆ ಓಡಿ ಹಸು ಇದೆಯೇ ಎಂದು ನೋಡುತ್ತಿದ್ದಳಂತೆ. (ಹಸು ಇದ್ದರೆ ಏನು ಸಾಬೀತಾಗುತ್ತದೆ ಎಂದು ಈಗ ಅವಳಿಗೂ ಗೊತ್ತಿಲ್ಲ.) ಅವಳ ಲೋಕಾಂತ್ಯ 2020. ಕುವೈತಿನ ಕೋವಿಡ್ ವಾರ್ಡಿನಲ್ಲಿ ಅವಳು. ಇಲ್ಲಿ ತಲಪಾಡಿಯ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ತಲುಪಲಾರದೆ ದಾರಿಯಲ್ಲೇ ಸತ್ತರು. ತಂದೆ ಫೋನಿನಲ್ಲಿ ಮಹಾಸಂಕಟದ ಆರಂಭ ಎನ್ನುತ್ತಿದ್ದರು. "ನನಗೆ ಅಪ್ಪನ ಬಿ.ಪಿ. ಮಾತ್ರೆ ಎಷ್ಟು ದಿನಕ್ಕೆ ಉಂಟು ಎಂದು ಬೇಕಿತ್ತು," ಅಂದಳು. ಅವಳಿಗೂ ಹೆದರಿಕೆ ಇಲ್ಲವೆಂದಲ್ಲ. ಮಾರ್ಚಿಗೇ ಬತ್ತುವ ತೋಡು, ಅಕ್ಟೋಬರಿನಲ್ಲೂ ನಿಲ್ಲದ ಮಳೆ, ಈ ತೋಟ ಮಗನ ಕಾಲಕ್ಕೆ ಉಳಿಯುತ್ತದೆಯೇ ಎಂದು ನನ್ನನ್ನೇ ಕೇಳಿದಳು. ಅದಕ್ಕೆ ವಾಕ್ಯ ಸಿಗುವುದಿಲ್ಲ, ಹನಿ ನೀರಾವರಿಗೆ ಸಬ್ಸಿಡಿ ಸಿಗುತ್ತದೆ ಎಂದೆ.

ತಿರುವು ಬಂದದ್ದು ಹುಡುಗನಿಂದ. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ಅವನ ಫೋನಿಗೆ ಅರ್ಧ ಅರ್ಧ ನಿಮಿಷದ ವಿಡಿಯೋಗಳು ಬರತೊಡಗಿದ್ದವು. ಜೆರುಸಲೇಮ್, ಕೆಂಪು ಹಸು, 1948, ಎಂಬತ್ತು ವರ್ಷ, 2028. ಪ್ರಾರ್ಥನಾಲಯದ ಕಡೆ ತಲೆ ಹಾಕದ ಹುಡುಗ, ಅಜ್ಜ ಮೂವತ್ತೈದು ವರ್ಷ ಹಿಡಿದುಕೊಂಡ ಅದೇ ಲೆಕ್ಕವನ್ನು ಊಟದ ಹೊತ್ತಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿದ. ಹತ್ತನೆಯ ತರಗತಿ ಓದಿ ಪ್ರಯೋಜನವೇನು ಎಂದೂ ಕೇಳಿದ. ಅಜ್ಜ ಖುಷಿಪಡುತ್ತಾರೆ ಎಂದುಕೊಂಡಿದ್ದನೋ ಏನೋ. ತಟ್ಟೆಯಿಂದ ಕೈ ತೆಗೆದು ಅಜ್ಜ ಹೇಳಿದ್ದನ್ನು ಮಗಳು ನನಗೆ ಹಾಗೆಯೇ ವರದಿ ಮಾಡಿದಳು: "ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಅಂತ ಅದೇ ಅಧ್ಯಾಯದಲ್ಲಿ ಉಂಟು. ನಾನು ಅದನ್ನು ಬಿಟ್ಟು ಓದಿದ್ದೆ. ನೀನು ಲೆಕ್ಕ ಹಾಕ್ಬೇಡ."

ಸಹಿ

ಮೇ ತಿಂಗಳಲ್ಲಿ ಅವರು ಒಪ್ಪಿದರು. ಪೂರ್ತಿ ಅಲ್ಲ. ನೆಡುವುದು ಮಗಳು, ತಾನು ಗುಂಡಿಗೆ ಕೈ ಹಾಕುವುದಿಲ್ಲ. ನೀರು ಬಿಡುವುದಾದರೆ ಬಿಡುತ್ತೇನೆ. ಅರುವತ್ತು ಸೆಂಟ್ಸಿಗೆ ಒಂಬತ್ತು ಅಡಿ ಅಂತರದಲ್ಲಿ ಲೆಕ್ಕ ಹಾಕಿ, ಅಂಚು ಬಿಟ್ಟು, ಮುನ್ನೂರು ಸಸಿ ಹೇಳಿದೆವು. ಅದೇ ಮುನ್ನೂರು ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಬ್ಯಾಂಕಿಗೆ ನಾನೂ ಹೋಗಿದ್ದೆ. ನಾನಿದ್ದ ಮೇಜಿನಲ್ಲಿ ಈಗ ಕೋಟ್ಟಯಂ ಕಡೆಯ ಹುಡುಗಿ, ಕನ್ನಡ ಓದಲು ಬರುವುದಿಲ್ಲ, ಆದರೆ ಕೆಲಸ ಚುರುಕು. ಅಡಿಕೆಗೆ ಫಸಲು ಬರುವವರೆಗೆ ಕಂತಿಲ್ಲ. ಮೊದಲ ಕಂತು 2029ರ ಜೂನ್ ಎಂದು ಕಾಗದದಲ್ಲಿತ್ತು. ಯಜಮಾನರು ಕನ್ನಡಕ ಹಾಕಿ ಆ ಅಂಕೆಯ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಸಹಿ ಹಾಕಿದರು. ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡದಲ್ಲಿ ಬರೆದರು: ಕರ್ತನ ಚಿತ್ತವಿದ್ದರೆ. ಯಾಕೋಬನ ಪತ್ರಿಕೆಯ ಮಾತು ಅದು. ನಾಳೆ ಆ ಪಟ್ಟಣಕ್ಕೆ ಹೋಗಿ ವ್ಯಾಪಾರ ಮಾಡುತ್ತೇವೆ ಎನ್ನುವವರು ಹೀಗೆ ಸೇರಿಸಿ ಹೇಳಬೇಕು ಎಂಬಲ್ಲಿ ಬರುತ್ತದೆ.

ಹುಡುಗಿ ಅದೇನೆಂದು ನನ್ನನ್ನು ಕೇಳಿದಳು. ಹೇಳಿದೆ. ಅವಳು ಮ್ಯಾನೇಜರನ್ನು ಕೇಳಿ ಬಂದಳು. ಷರತ್ತು ಬರೆದ ಸಹಿ ನಡೆಯುವುದಿಲ್ಲ, ಹೊಸ ಫಾರಂ ಬೇಕು. ಪ್ರಿಂಟ್ ಆಗುವವರೆಗೆ ಹದಿನೈದು ನಿಮಿಷ ಕಾದೆವು. ಯಜಮಾನರು ಹೊಸ ಕಾಗದದಲ್ಲಿ ಸಹಿ ಮಾತ್ರ ಹಾಕಿ, ಪೆನ್ನು ಮುಚ್ಚಿ, ಉಳಿದದ್ದನ್ನು ಅವಳ ಮುಖ ನೋಡಿ ಮಲಯಾಳದಲ್ಲಿ ಗಟ್ಟಿಯಾಗಿ ಹೇಳಿದರು. ಅವಳು ತಲೆ ಎತ್ತದೆ "ಆಮೆನ್" ಎಂದು ಸೀಲು ಒತ್ತಿದಳು.